ಆ ದಡದ ಓತಿಕ್ಯಾತ

ಈಜಿಕೊಂಡೇ ಬಂದಿರ್ಬೇಕು ಮೇಡಂ! ಇನ್ನೇನು ಮತ್ತೆ? ಹೋದ ವಾರ ನೀವು ಬೆನ್ನಿಗೆ ಕೆಂಪು ಚುಕ್ಕೆ ಇಟ್ಟಿದ್ದು ಆ ದಡದ ಓತಿಕ್ಯಾತಗಳಿಗೆ. ಅದರಲ್ಲೊಂದು ಈ ದಡದಲ್ಲಿ, ನಮ್ಮ ಪ್ರಯೋಗಾಲಯದ ಕಾಂಪೌಂಡ್ ಮೇಲೇ ಬಿಸಿಲು ಕಾಯಿಸ್ತಾ ಕೂತಿದೆ ಅಂದ್ರೆ... ಈಜಿದೆ. ಅಷ್ಟೇ. ಎಳೇ ವಯಸ್ಸು, ಹುರುಪು...

ಏನು, ಕೈ ತೋರಿಸ್ತಿದೀರಾ? ಐದಾ? ಐದು ಕಂಡ್ರಾ?! ...ಐದೂ ಈಜಿವೆ. ಒಂದೇ ಮನೆಯವು ಇರ್ಬೇಕು.

ಯಾಕೆ ನಗ್ತೀರಾ? ಹಾಗೆ ಅರ್ಧ ತುಟಿಯಲ್ಲಿ ನಗ್ಬೇಡಿ. ಗೊತ್ತು, ಗೊತ್ತು, ನೀವೇ ಹೇಳ್ಕೊಟ್ಟಿದ್ದು. ಈ ಹೊಳೆ ನಡುವೆ ಬಂದು ಎಷ್ಟೋ ಸಾವಿರ ವರ್ಷ ಆಯ್ತು, ಓತಿಕ್ಯಾತ ಇದನ್ನ ದಾಟಲ್ಲ, ಇಲ್ಲಿಯವು ಇಲ್ಲೇ, ಅಲ್ಲಿಯವು ಅಲ್ಲೇ, ಹೆಣ್ಣು ಕೊಟ್ಟು ತರೋದು ಬಂದ್. ಆ ಕಡೆ ಬರೀ ಬಂಡೆ, ಓಡೋಕೆ ಉದ್ದ ಕಾಲು ಬೇಕು. ಈ ಕಡೆ ಪೊದೆ, ಗಿಡ್ಡ ಕಾಲು ಸಾಕು. ಹೀಗೇ ಬಿಟ್ರೆ ಎರಡೂ ಬೇರೆ ಬೇರೆ ಪ್ರಾಣಿಯೇ ಆಗ್ಬಿಡುತ್ವೆ. ನನ್ನ ಹೆಂಡತಿಗೂ ಬಾಯಿಪಾಠ ಆಗಿದೆ ಇದೆಲ್ಲ.

ಅದಕ್ಕೆ ದೋಣಿ ಯಾಕೆ ಹತ್ತಿ ಕೂತ್ರಿ? ಇಳೀರಿ. ಮಂಡಿಗೆ ಮೂರು ಆಪರೇಷನ್ ಆಗಿದೆ, ನೆನಪಿರ್ಲಿ. ನಾನು ಎರಡೂ ದಡ ಸುತ್ತಿ ಹಿಡಿದು ತರೋದು, ನೀವು ಮೇಜಿನ ಮುಂದೆ ಕೂತು ಅಳೆಯೋದು... ಮೂರು ವರ್ಷ ಹಾಗೇ ಚೆನ್ನಾಗಿ ನಡೀತಲ್ಲ? ನಾಡಿದ್ದು ಬರ್ತಾರಲ್ಲ ದೊಡ್ಡ ದೊಡ್ಡ ವಿಜ್ಞಾನಿಗಳು, ಅವರಿಗೂ ನಾನೇ ಹಿಡ್ಕೊಡ್ತೀನಿ. ಅವರು ನೆರಳಲ್ಲಿ ಟೀ ಕುಡೀತಾ ಕೂತಿರ್ಲಿ.

ಏನಂದೆ ದೋಣಿಯಣ್ಣ? ‘ಯಾರಿದು’ ಅಂತಾನಾ? ಕೇಳಿಸ್ಕೊಂಡ್ರಾ ಮೇಡಂ? ಮೂರು ವರ್ಷ ಇವನ ದೋಣೀಲೇ ಓಡಾಡಿದ್ದೀನಿ, ನನ್ನನ್ನೇ ಯಾರು ಅಂತಾನೆ. ಮರೆವು, ಪಾಪ... ಅಲ್ಲ, ಇವನ ದೋಣಿ ಅಲ್ಲ. ಇನ್ನೊಬ್ಬನದು. ಏನು? ಈ ಊರಿಗೆ ಇದೊಂದೇ ದೋಣಿನಾ? ಹತ್ತು ವರ್ಷದಿಂದಾ?

...ಓ.

ನಾನು ಟೋಪಿ ಹಾಕ್ತಿದ್ದೆ ಮೇಡಂ, ಅದಕ್ಕೇ ಗುರುತು ಸಿಕ್ಕಿಲ್ಲ... ಅಯ್ಯೋ, ಆ ಅರ್ಥದಲ್ಲಿ ಅಲ್ಲ! ತಲೆಗೆ! ನನ್ನ ತಲೆಗೇ!

ಬೈದಾದ್ರೂ ಬಿಡಿ. ಹಾಗೆ ನೋಡ್ಬೇಡಿ ಮೇಡಂ...

ಸರಿ. ನಾನು ಆ ದಡಕ್ಕೆ ಹೋಗಿಲ್ಲ. ಒಂದೇ ಒಂದು ಸಲಾನೂ ಇಲ್ಲ. ನೀರು ಕಂಡ್ರೆ ಜೀವ ಬಾಯಿಗೆ ಬರುತ್ತೆ ನನಗೆ. ಸ್ನಾನ ಮಾಡೋವಾಗ್ಲೂ ಬಕೆಟ್ಟಿಗೆ ಬೆನ್ನು ಹಾಕಿ ನಿಲ್ತೀನಿ. ಕೆಲಸ ಕೊಡೋವಾಗ ನೀವು ‘ದೋಣಿ ಅಭ್ಯಾಸ ಇದೆಯಾ’ ಅಂದ್ರಿ. ತಲೆ ಆಡಿಸ್ಬಿಟ್ಟೆ. ಓತಿಕ್ಯಾತ ಆಡಿಸುತ್ತಲ್ಲ, ಹಾಗೆ. ಮನೇಲಿ ಆಗ ಆರು ತಿಂಗಳ ಕೂಸು ಮೇಡಂ, ಇಲ್ಲ ಅಂತ ಹೇಗೆ ಅನ್ಲಿ? ಹಿಡಿದಿದ್ದೆಲ್ಲಾ ಈ ದಡದ್ದೇ. ಅರ್ಧ ಡಬ್ಬಿಗೆ ‘ಆ ದಡ’ ಅಂತ ಚೀಟಿ ಅಂಟಿಸ್ತಿದ್ದೆ. ನಿಮ್ಮ ಅಳತೆ ಮುಗಿದ ಮೇಲೆ ವಾಪಸ್ ಬಿಡೋದು... ಇಲ್ಲೇ. ಕಾಂಪೌಂಡ್ ಹಿಂದೆ.

ಆಯ್ತಲ್ಲ, ಹೇಳ್ಬಿಟ್ಟೆ. ಎದೆ ಹಗುರ ಆಯ್ತು.

ಅಳತೆ ಪುಸ್ತಕ ಯಾಕೆ ತೆಗೆದ್ರಿ? ಆ ಪುಟ ಬೇಡ ಮೇಡಂ. ಅಲ್ಲಿ ಬೆರಳು ಇಡ್ಬೇಡಿ. ‘ಆ ದಡ, ಉದ್ದ ಕಾಲು’... ಹೌದು, ಹಾಗೇ ಬರೆದಿದೆ. ಎಲ್ಲಾ ಒಂದೇ ದಡದ್ದಾದ್ರೆ ಉದ್ದ ಕಾಲು ಎಲ್ಲಿಂದ ಬಂತು ಅಂತ ತಾನೇ... ಬಿಸಿಲು ಜಾಸ್ತಿ ಆಯ್ತು, ಅಲ್ವಾ? ಛತ್ರಿ ತರ್ಲಾ?

...ಬೇಡ್ವಾ.

ಮೊದಲನೇ ವರ್ಷ ಏನೂ ವ್ಯತ್ಯಾಸ ಸಿಗಲಿಲ್ಲ ನಿಮಗೆ. ಊಟದ ಡಬ್ಬಿ ಮುಚ್ಚಳ ತೆಗೀದೆ ವಾಪಸ್ ಒಯ್ತಿದ್ರಿ. ಒಂದಿನ ಅಳತೆಪಟ್ಟಿ ಗೋಡೆಗೆ ಎಸೆದು, ಮೇಜಿನ ಮೇಲೆ ತಲೆ ಇಟ್ಟು ಅತ್ರಿ. ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾರನೇ ದಿನ ಹೆಂಡತಿಯ ಬಾಚಣಿಗೆ ತಂದೆ. ಹಿಂಗಾಲು ಹದಿನಾರು ಹಲ್ಲು ದಾಟಿದ್ರೆ ಆ ದಡ. ದಾಟದಿದ್ರೆ ಈ ದಡ. ಅಷ್ಟೇ ಮಾಡಿದ್ದು! ಅವಳು ಇನ್ನೂ ಆ ಬಾಚಣಿಗೆ ಹುಡುಕ್ತಿದ್ದಾಳೆ. ನೀವು ನಗೋಕೆ ಶುರು ಮಾಡಿದ್ರಿ, ಎರಡು ಹೊತ್ತು ಉಂಡ್ರಿ, ಅಮ್ಮನಿಗೆ ಫೋನ್ ಮಾಡಿ ‘ಸಿಕ್ತಮ್ಮಾ, ಸಿಕ್ತು’ ಅಂತ ಕಿರುಚಿದ್ರಿ... ಆಮೇಲೆ ನಾನು ಯಾವ ಬಾಯಿಂದ ಹೇಳ್ಲಿ?

ಏನದು ಬರೀತಿರೋದು? ಇನ್ನೂರ ನಲವತ್ತು... ಅಷ್ಟೂ ಓತಿಕ್ಯಾತ ಹೊಸದಾಗಿ ಹಿಡಿದು ಅಳೆಯೋದಾ? ಆ ದಡದಿಂದ? ನಾಡಿದ್ದರೊಳಗಾ? ಆ ಮಂಡಿ ಇಟ್ಕೊಂಡು ನೀವೊಬ್ಬರೇ ಬಂಡೆ ಹತ್ತೋದಾ? ಆಗಲ್ಲ ಮೇಡಂ. ನಿಮ್ಮ ಕೈಗೆ ಒಂದೂ ಸಿಗಲ್ಲ. ಅದಕ್ಕೆ ಹಿಂದಿನಿಂದ ಹೋಗ್ಬೇಕು, ನೆರಳು ಬೀಳಬಾರ್ದು...

ಪಕ್ಕಕ್ಕೆ ಯಾಕೆ ಸರಿದ್ರಿ? ಯಾರಿಗೆ ಜಾಗ? ...ನನಗಾ?

ಅಲ್ಲಿ ಉದ್ದ ಕಾಲಿನದು ಒಂದೂ ಇಲ್ದೇ ಹೋದ್ರೆ? ಆಗಲೂ ಬರೀತೀರಾ? ಇದ್ದದ್ದು ಇದ್ದ ಹಾಗೇ?

...ಸರಿ. ಕಣ್ಣು ಮುಚ್ಚಿದ್ದೀನಿ. ಒಂದು ಕಾಲು ಇಟ್ಟೆ. ಅಲ್ಲಾಡ್ತಿದೆ! ದೋಣಿಯಣ್ಣ, ಗಟ್ಟಿಯಾಗಿ ಹಿಡ್ಕೋ! ಅಯ್ಯೋ, ದೋಣೀನ ಅಲ್ಲಣ್ಣಾ, ನನ್ನ! ನನ್ನ ಹಿಡ್ಕೋ!