ಹಾರ್ನ್‌ಗೂ ಏಳದ ಮರಿ

ಹರಿಹರದಿಂದ ದಾವಣಗೆರೆಗೆ ಹೊರಟಿದ್ದ ಬಸ್ಸಿನಲ್ಲಿ ಸನೋಬರ್‌ಳ ಮುಂದಿನ ಸೀಟಿಗೆ ಗಂಡ ಹೆಂಡತಿ ಇಬ್ಬರು ಬಂದು ಕೂತರು. ಆಗಷ್ಟೇ ನಾಯಿ ಸಾಕಿ ಮಾರುವ ಬ್ರೀಡರ್ ಮನೆಯಿಂದ ತಂದ ಡಾಲ್ಮೇಷಿಯನ್ ಜಾತಿಯ ನಾಯಿಮರಿ ಹೆಂಡತಿಯ ತೊಡೆಯ ಮೇಲಿನ ಬುಟ್ಟಿಯಲ್ಲಿ ಮಲಗಿತ್ತು. ಡ್ರೈವರ್ ಒಂದೇ ಸಮನೆ ಹಾರ್ನ್ ಹೊಡೆದರೂ ಅದು ಮಿಸುಕಲಿಲ್ಲ.

“ಇದ್ಯಾಕ್ರಿ ಬೆಚ್ಚಿ ಬೀಳ್ಲಿಲ್ಲ?”

“ನಿದ್ದೆ ಹತ್ತೈತೆ ಬಿಡು, ಗೌರಮ್ಮ.”

ಹಾಗೆಂದವನೇ ಗಂಡ ಮರಿಯ ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದ. ಏಳಲಿಲ್ಲ. ಹೆಂಡತಿ ಬೆನ್ನು ಸವರಿದ ಕೂಡಲೇ ಎದ್ದು ಆಕೆಯ ಕೈ ನೆಕ್ಕತೊಡಗಿತು.

“ಅಯ್ಯೋ, ಇದಕ್ಕೆ ಕಿವಿ ಕೇಳಲ್ಲ ಕಣ್ರಿ!”

“ಅದೆಂಗೆ? ಇದ್ರ ಅಪ್ಪ, ಅವ್ವ ಎರಡನ್ನೂ ತೋರ್ಸಿದ್ರಲ್ಲ, ಅಸಲಿ ಜಾತಿ ಅಂತ!”

“ಜಾತಿಗೂ ಕಿವಿಗೂ ಏನ್ರಿ ಸಂಬಂಧ?”

“ನಂಗೇನೂ ತಿಳೀವಲ್ದು. ವಾಪಸ್ ಕೊಟ್ಟು ಬರಾಣೇನು?”

“ಕೊಟ್ರೆ ಅವ್ರು ಇದನ್ನ ಏನ್ ಮಾಡ್ತಾರೆ?”

ಗಂಡ ಬುಟ್ಟಿಯೊಳಗೆ ಇಣುಕಿದ. ಹಿಂದೆ ಕೂತ ಸನೋಬರ್ ಕೂಡ ಮರಿಯನ್ನು ನೋಡಲು ಮುಂದಕ್ಕೆ ಬಾಗಿದಳು.

ಅವರ ಸ್ಟಾಪ್ ಬಂತು.

“ಇಟ್ಕೊಂಡ್ರೆ ಹೆಂಗೆ ಕರೀತಿ? ಹೆಸ್ರಿಟ್ರೂ ಕೇಳಲ್ವಲ್ಲ!”

“ಕರಿಯೋದ್ಯಾಕೆ? ನಾನೇ ಅದ್ರ ಹತ್ರ ಹೋಗ್ತೀನಿ.”

ಆಕೆ ಬುಟ್ಟಿ ಅವಚಿಕೊಂಡು ಇಳಿದಳು. ಗಂಡ ಮೆಟ್ಟಿಲ ಮೇಲೆ ನಿಂತು ಬಂದ ದಾರಿಯನ್ನೊಮ್ಮೆ ನೋಡಿ, ಲಗುಬಗೆಯಿಂದ ಅವಳ ಹಿಂದೆ ನಡೆದ.