ಆರನೇ ಸಾಲಿಗೆ ಸಹಿ

...ಬರಿ ಮರೀ, ಪೆನ್ನು ಯಾಕೆ ನಿಲ್ಲಿಸಿದೆ? ಅರ್ಜಿಯ ಎರಡನೇ ಸಾಲು: ಪಿಟೀಲು, ಐದು ವರ್ಷ. ನಿಮ್ಮಪ್ಪ ಕೊಟ್ಟ ಚೀಟಿಯಲ್ಲಿ ಹಾಗೇ ಇದೆಯಲ್ಲ. ನೀನು ಕಲಿತದ್ದು ಹನ್ನೊಂದೇ ದಿನ ಅಂತ ನನಗೂ ಗೊತ್ತು. ಹನ್ನೆರಡನೇ ದಿನ ನೀನು ಆ ಮೇಷ್ಟ್ರಿಗೆ ಹೆದರಿ, ಸೀದಾ ಆಸ್ಪತ್ರೆಯ ಈ ಬಟ್ಟೆ ಕೋಣೆಗೆ ಬಂದು ದುಪ್ಪಟಿ ಗಂಟಿನ ಹಿಂದೆ ಕೂತುಬಿಟ್ಟಿದ್ದೆ. ಇರಲಿ. ಕಾಲೇಜಿನವರು ಪಿಟೀಲು ತಂದು ಕೈಗೆ ಕೊಟ್ಟು ಬಾರಿಸು ಅನ್ನಲ್ಲ. ಬರಿ.

ಯಾಕೆ ನಗ್ತೀಯ? ನಗೋದಾದ್ರೆ ಮೊದಲನೇ ಸಾಲು ನೋಡಿ ನಗು. ಶಾಲೆ ನಾಟಕದಲ್ಲಿ ಮುಖ್ಯ ಪಾತ್ರ ಅಂತೆ. ಪರದೆ ಎಳೆಯೋ ಹಗ್ಗ ಹಿಡ್ಕೊಂಡು ನಿಂತಿದ್ದವಳು ನೀನು. ಅದೂ ಅರ್ಧಕ್ಕೇ ಎಳೆದು ರಾಜನ ತಲೆ ಮೇಲೆ ಬೀಳಿಸಿದೆ. ಮೂರು, ಚದುರಂಗ ತಂಡದ ನಾಯಕಿ. ನಾಲ್ಕು, ಪರಿಸರ ಸಂಘದ ಸ್ಥಾಪಕಿ. ಸಂಘದಲ್ಲಿ ಇನ್ಯಾರಿದ್ದಾರೆ ಅಂತ ಕೇಳಿದ್ರೆ ನಿಮ್ಮಪ್ಪನ್ನೇ ತೋರಿಸು. ಐದು, ಬಡ ಮಕ್ಕಳಿಗೆ ಉಚಿತ ಪಾಠ. ಒಂದನ್ನೂ ಬಿಡಬೇಡ. ಕೆಳಗೆ, ಈ ಕೋಣೆ ನೋಡ್ಕೊಳ್ಳೋಳು ಅಂತ ನಾನು ಸಹಿ ಹಾಕ್ತೀನಿ, ಆಸ್ಪತ್ರೆ ಮೊಹರೂ ಒತ್ತುತ್ತೀನಿ.

ಆರನೆಯದು ಚೀಟಿಯಲ್ಲಿ ಇಲ್ಲ, ಹೋದ ಶನಿವಾರ ಹೇಳಿದ ಹಾಗೆ ನೀನೇ ಸೇರಿಸಿದ್ದು ಅಲ್ವಾ? 'ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಸಹಾಯ, ಪ್ರತಿ ಶನಿವಾರ, ಎರಡು ವರ್ಷ.' ದುಪ್ಪಟಿ ಮಡಚೋದನ್ನೂ ಯಾರಾದ್ರೂ ಬರೀತಾರಾ ಅಂದನಂತೆ ನಿಮ್ಮಪ್ಪ. ಅವನ ತಂಗಿ, ನಿನ್ನ ಈ ಸೋದರತ್ತೆ, ಇಪ್ಪತ್ತಾರು ವರ್ಷದಿಂದ ಅದೇ ಮಾಡ್ತಿದ್ದಾಳೆ. ಹರಿದದ್ದಕ್ಕೆ ತೇಪೆ ಹಾಕು, ರೋಗಿಗಳ ನಿಲುವಂಗಿಗೆ ಲಾಡಿ ಹೊಲಿ, ಕಲೆ ಹೋಗದ್ದನ್ನ ಬೇರೆ ಇಡು. ಇರಲಿ ಬಿಡು...

ಏನಂದೆ? ನಿಮ್ಮಪ್ಪನ ಮೇಲೆ ನನಗೆ ಕೋಪನಾ ಅಂತೀಯಾ? ಯಾಕೆ ಅಂತ ಅವನು ಹೇಳಿರಲ್ಲ. ನಾನೇ ಹೇಳ್ತೀನಿ, ಕೇಳು.

ನಿಮ್ಮಪ್ಪ ನನಗಿಂತ ಒಂದು ವರ್ಷ ದೊಡ್ಡವನು. ಒಂದು ಸಲ ಡುಮ್ಕಿ ಹೊಡೆದು ನನ್ನ ತರಗತಿಗೇ ಬಂದು ಕೂತ. ಆಗ ನಾನು ಶನಿವಾರ ಶನಿವಾರ ಇದೇ ಆಸ್ಪತ್ರೆಗೆ ಬರ್ತಿದ್ದೆ, ಮಕ್ಕಳ ವಾರ್ಡಿಗೆ. ಹಳೇ ಕಾಲುಚೀಲಕ್ಕೆ ಗುಂಡಿಯ ಕಣ್ಣು ಹೊಲಿದು ಗೊಂಬೆ ಮಾಡಿದ್ದೆ. ಮಂಚದ ಹಿಂದೆ ಕೂತು, ಕೈಗೆ ಹಾಕ್ಕೊಂಡು, ಕಥೆ ಕಟ್ಟಿ ಆಡಿಸ್ತಿದ್ದೆ. ಒಬ್ಬ ಪುಟ್ಟ ಹುಡುಗ ಇದ್ದ, ಸೂಜಿ ಚುಚ್ಚೋಕೆ ಯಾರು ಬಂದ್ರೂ ಕಚ್ಚೋನು. ನನ್ನ ಮೊಸಳೆ ಗೊಂಬೆ ಮೊದಲು ಚುಚ್ಚಿಸ್ಕೊಂಡ್ರೆ ಮಾತ್ರ ತೋಳು ಚಾಚೋನು. ಮೂರು ವರ್ಷ, ಮರೀ. ಜ್ವರ ಬಂದಾಗಲೂ ತಪ್ಪಿಸಲಿಲ್ಲ. ನಿಮ್ಮಪ್ಪ ಬಂದದ್ದು ಎರಡೇ ಸಲ, ಗೊಂಬೆ ಪೆಟ್ಟಿಗೆ ಭಾರ ಇತ್ತು ಅಂತ ಹೊತ್ಕೊಂಡು.

ಇಬ್ಬರೂ ಒಂದೇ ಕಾಲೇಜಿಗೆ ಅರ್ಜಿ ಹಾಕಿದ್ವಿ. ನೀನು ಈಗ ಹಾಕ್ತಿದ್ದೀಯಲ್ಲ, ಅದಕ್ಕೇ. ಸಂದರ್ಶನದ ದಿನ ಒಳಗೆ ಹೋದೆ. ಮೇಜಿನ ಆ ಕಡೆ ಮೂರು ಜನ. ಮಧ್ಯ ಕೂತಿದ್ದ ಮೇಡಂ ಎರಡು ಅರ್ಜಿಗಳನ್ನ ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಮಕ್ಕಳ ವಾರ್ಡು, ಗೊಂಬೆಯಾಟ, ಮೂರು ವರ್ಷ. ನನ್ನದರಲ್ಲಿ 'ಮಾಡಿದ್ದೇನೆ' ಅಂತ ಇತ್ತು. ಅವನದರಲ್ಲಿ 'ಆರಂಭಿಸಿ ನಡೆಸಿದ್ದೇನೆ' ಅಂತ. ಒಂದೇ ಮನೆಯಿಂದ ಎರಡು ಬಂದಿದೆ, ಒಂದು ಸುಳ್ಳು ಅಂದರು. ಅಣ್ಣನ್ನ ಕರೆಸಿ ಕೇಳಿ ಅಂದೆ ನಾನು. ಅಷ್ಟು ನಂಬಿಕೆ ನನಗೆ.

ಅವನು ಬಂದ, ನಿಮ್ಮ ತಾತನೂ ಬಂದರು. ಅಣ್ಣ ನನ್ನ ಮುಖ ತಪ್ಪಿಸಿ ಅವರ ಕಡೆ ತಿರುಗಿದ. ತಾತ ಒಮ್ಮೆ ಅವನ ಕಡೆ, ಒಮ್ಮೆ ನನ್ನ ಕಡೆ ನೋಡಿದರು. ಮನೆಯಲ್ಲಿ ಇಬ್ಬರನ್ನೂ ಓದಿಸೋ ಮಾತು ಮೊದಲೇ ಇರಲಿಲ್ಲ ಅನ್ನು. ಆಮೇಲೆ ಹೇಳಿದರು: "ಹುಡುಗಿ ಪೆಟ್ಟಿಗೆ ಹಿಡ್ಕೊಂಡು ಅಣ್ಣನ ಜೊತೆ ಹೋಗ್ತಿದ್ಲು, ಅಷ್ಟೆ."

ನನ್ನ ಅರ್ಜಿಯ ಮೂಲೆಯಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಬರೆದರು, 'ವಿಶ್ವಾಸಕ್ಕೆ ಅರ್ಹಳಲ್ಲ'. ತಲೆಕೆಳಗಾಗಿದ್ದರೂ ಓದಿದೆ ನಾನು. ಹಿಂದಿನ ಶನಿವಾರವೇ ನನ್ನ ಕೊನೇ ಗೊಂಬೆಯಾಟ ಆಗಿತ್ತು ಅಂತ ಆಮೇಲೆ ಗೊತ್ತಾಯ್ತು. ಮತ್ತೆ ಆ ವಾರ್ಡಿನ ಮೆಟ್ಟಿಲು ಹತ್ತೋಕೆ ಕಾಲೇ ಬರಲಿಲ್ಲ. ಕೆಳಗೆ ಬಟ್ಟೆ ಕೋಣೆಯಲ್ಲಿ ಹೊಲಿಯೋರು ಬೇಕು ಅಂದರು, ಬಂದು ಕೂತೆ.

ಹಳೇ ಮಾತು ಅಂತೀಯಾ? ಹೌದು, ಹಳೇದೇ. ನುಂಗ್ಕೊಂಡಿದ್ದೆ ಕೂಡ. ಹೋದ ವಾರ ನಿಮ್ಮಪ್ಪನಿಗೆ ಅವನ ಆಫೀಸಿನವರು ಸನ್ಮಾನ ಮಾಡಿದ್ರಲ್ಲ, ನನ್ನೂ ಕರ್ಕೊಂಡು ಹೋಗಿ ಎರಡನೇ ಸಾಲಲ್ಲಿ ಕೂರಿಸಿದ್ರಲ್ಲ... ಮೈಕ್ ಹಿಡಿದು ಅವನು ಏನು ಹೇಳಿದ, ನೆನಪಿದೆಯಾ? ಸೂಜಿಗೆ ಕಚ್ಚೋ ಹುಡುಗ. ಮೊಸಳೆ ಗೊಂಬೆ. ಆ ಮಗುವಿನ ತೋಳು ಎಷ್ಟು ಸಣ್ಣಗಿತ್ತು ಅಂತ ಹೇಳುವಾಗ ಕಣ್ಣು ಕೂಡ ಒರೆಸ್ಕೊಂಡ ಅವನು. ಅಷ್ಟು ವರ್ಷ ಹೇಳಿ ಹೇಳಿ, ತಾನೇ ಮಾಡಿದ್ದು ಅಂತ ನಂಬಿಬಿಟ್ಟಿದ್ದಾನೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲೇ ಕೂತಿದ್ದ ನೀನೂ ಎದ್ದು ತಟ್ಟಿದೆ.

ನಿನಗೆ ಗೊತ್ತಿರಲಿಲ್ಲ, ಸರಿ. ಆದ್ರೆ ಆ ಶಬ್ದ ನನ್ನ ಕಿವಿಯಿಂದ ಹೋಗಿಲ್ಲ.

ಅದಕ್ಕೇ ಹೇಳ್ತಿರೋದು, ಅವನು ಕೊಟ್ಟಿದ್ದೆಲ್ಲ ಬರಿ. ಮಗಳ ಅರ್ಜಿ ತುಂಬ ಅವನ ಸುಳ್ಳು ಇರಲಿ. ಅದೇ ಕಾಲೇಜು, ಅದೇ ಮೇಜು. ಈ ಸಲ ಅವನನ್ನ ಕರೆಸಿ ಕೇಳಲಿ. ಅವನು ಹೇಗೆ ನಿಲ್ತಾನೆ ನೋಡಬೇಕು ನಾನು...

ಏನು ಮಾಡ್ತಿದ್ದೀಯ? ಯಾಕೆ ಗೀಟು ಹಾಕ್ತಿದ್ದೀಯ?

ಪಿಟೀಲು ಹೊಡೆದುಹಾಕಿದೆ. ನಾಟಕವನ್ನೂ... ನಿಲ್ಲು ಮರೀ, ಇದು ಚೆಂದದ ಪ್ರತಿ, ಹಾಳಾಗುತ್ತೆ. ನಿಮ್ಮಪ್ಪನಿಗೆ ಏನು ಹೇಳ್ತೀಯ? ಐದನೆಯದೂ ಹೋಯ್ತು. ಇನ್ನೇನು ಉಳೀತು ನಿನ್ನ ಹತ್ತಿರ? ದುಪ್ಪಟಿ ಮಡಚಿದ್ದು ಒಂದು. ಅದನ್ನ ನೋಡಿ ಯಾರು ಸೀಟು ಕೊಡ್ತಾರೆ?

ನನ್ನ ಕಡೆ ಯಾಕೆ ತಳ್ತೀಯ? ಸಹಿ... ಹಾಕ್ತೀನಿ. ಈಗಲೇ ಯಾಕೆ? ಮೊಹರಿನ ಶಾಯಿ ಒಣಗಿದೆ. ದೊಡ್ಡ ನರ್ಸಮ್ಮನನ್ನ ಒಂದು ಮಾತು ಕೇಳಬೇಕು. ಸೋಮವಾರ ಬಾ, ನೋಡೋಣ.

ಹಾಗೆ ನೋಡಬೇಡ. ಎರಡು ವರ್ಷ ನೀನು ಬಂದಿಲ್ಲ ಅಂತ ನಾನು ಅಂದ್ನಾ? ಬಂದಿದ್ದೀಯ. ಮೂಲೆಗೆ ಮೂಲೆ ಕೂಡಿಸಿ ಮಡಚೋದು ನಾನೇ ಕಲಿಸಿದ್ದು. ಈಗ ನನಗಿಂತ ಚೆನ್ನಾಗಿ ಮಡಚ್ತೀಯ. ಪರೀಕ್ಷೆ ಹಿಂದಿನ ದಿನ ಕೂಡ ಬಂದಿದ್ದೆ. ಯಾರು ಇಲ್ಲ ಅಂದರು?

ಇರು. ಸಹಿ ಹಾಕೋ ಜಾಗಕ್ಕೆ ಬೆರಳಿಟ್ಟು ಹೀಗೆ ತೋರಿಸ್ತಾ ಕೂತ್ರೆ...

ನಾನು ಅಂದಿದ್ದೀನಿ ಮರೀ.

ಕಾಲೇಜಿಗೆ ಪತ್ರ ಹಾಕಿದ್ದೀನಿ. ಹಾಕ್ತೀನಿ ಅಲ್ಲ, ಹಾಕಿ ಆಯ್ತು. ನಿನ್ನೆ ಮಧ್ಯಾಹ್ನ ಊಟದ ಹೊತ್ತಲ್ಲಿ ಹೋಗಿ ರಿಜಿಸ್ಟರ್ ಪೋಸ್ಟ್ ಮಾಡಿ ಬಂದೆ. ಈ ಹುಡುಗಿಯ ಅರ್ಜಿಯಲ್ಲಿ ಇರೋದೆಲ್ಲ ಅವಳಪ್ಪ ಕಟ್ಟಿದ ಸುಳ್ಳು, ಅವನೂ ಹೀಗೇ ನಿಮ್ಮಲ್ಲಿ ಸೇರಿದವನು ಅಂತ. ಅಷ್ಟಕ್ಕೇ ಬಿಟ್ಟಿದ್ರೆ ಆಗ್ತಿತ್ತು. ಪಿಟೀಲು, ಚದುರಂಗ ಇದೆಲ್ಲ ನಿನಗೇನು ಗೊತ್ತು ಅಂತ ಅವರು ಕೇಳಬಹುದು ಅನ್ನಿಸ್ತು. ಈ ಬಟ್ಟೆ ಕೋಣೆ ಆದ್ರೆ ನನ್ನದು, ನನ್ನ ಮಾತನ್ನ ನಂಬಲೇಬೇಕು. ಅದಕ್ಕೆ ಕೊನೆಯಲ್ಲಿ ಒಂದು ಸಾಲು ಸೇರಿಸಿದೆ. 'ಈಕೆ ನಮ್ಮ ಆಸ್ಪತ್ರೆಯಲ್ಲಿ ಒಂದು ದುಪ್ಪಟಿಯನ್ನೂ ಮಡಚಿದವಳಲ್ಲ.' ಕೆಳಗೆ ಸಹಿ. ಮೊಹರು.

ನೀನು ಸುಳ್ಳು ಬರೀತೀಯ ಅಂದುಕೊಂಡಿದ್ದೆ. ಅಪ್ಪನ ಮಗಳು ಅಂತ. ಒಂದು ನಿಜ ಇದ್ರೆ ಏನಂತೆ, ಸುಳ್ಳಿನ ಜೊತೆ ಅದೂ ಹೋಗಲಿ ಅಂದುಕೊಂಡಿದ್ದೆ. ಈಗ ಆ ಮೇಜಿನ ಮೇಲೆ ನಿನ್ನದು ನಿಜ, ನನ್ನದು ಸುಳ್ಳು.

ಬೈಯಿ. ಅಳೋದಾದ್ರೆ ಅಳು. ಎದ್ದು ಹೋಗಿ ನಿಮ್ಮಪ್ಪನಿಗಾದ್ರೂ ಹೇಳು, ಕುಣೀಲಿ ಅವನು. ಸೋಮವಾರ ನಾನೇ ಹೋಗಿ ಅವರ ಮುಂದೆ ನಿಂತು, ಸುಳ್ಳು ಬರೆದವಳು ನಾನು ಅನ್ನಬೇಕು. ಅವನು ಮತ್ತೆ ಗೆದ್ದ. ಅದು ಗಂಟಲಲ್ಲಿ ಇಳೀತಿಲ್ಲ, ನಿನ್ನ ಮುಂದೆ ಬಚ್ಚಿಡಲ್ಲ.

ಮತ್ತೆ ಹಾಳೆ ನನ್ನ ಕಡೆಗೇ ತಳ್ತೀಯಾ?

ಸರಿ. ಕೊಡು ಪೆನ್ನು. ಬೆರಳು ತೆಗಿ ಮರೀ... ಸಹಿ ಹಾಕೋ ಜಾಗಾನೇ ಮುಚ್ಚಿಟ್ಟಿದ್ದೀಯ.