ನಾನು ಅಂದವನು

ಬಾವಿ ದಾಟುವವರೆಗೂ ಯಾರೂ ಮಾತಾಡಲಿಲ್ಲ.

ವ್ಯಾನು ಗೇಟಿನ ಹತ್ತಿರ ಇಳಿಸಿ ಹೋಗಿತ್ತು. ಅಲ್ಲಿಂದ ಕಟ್ಟಡಕ್ಕೆ ಇನ್ನೂರು ಹೆಜ್ಜೆ. ನಡುವೆ ಆ ಬಾವಿ. ತಗಡು ಮುಚ್ಚಿ ಮೇಲೆ ಕಲ್ಲು ಹೇರಿದ್ದರು. ಮೂವರೂ ಸಾಲಾಗಿ ನಡೆಯುತ್ತಿದ್ದರು. ಮುಂದೆ ಜಿಮ್ಮು, ಅವನ ಹಿಂದೆ ವ್ಯಾನಕ್ಕ, ಕೊನೆಗೆ ನಮ್ಮ ಕಿವಿಯಣ್ಣ. ಕಾಲಡಿ ಜಲ್ಲಿಕಲ್ಲು ಕರ್… ಕರ್… ಅನ್ನುತ್ತಿತ್ತು. ಯಾರದೋ ಕಾಲಿಗೆ ಪ್ಲಾಸ್ಟಿಕ್ ಬಾಟ್ಲಿ ಸಿಕ್ಕಿ ಪಟ್ ಅಂತು.

"ನಾನು," ಅಂದಳು ವ್ಯಾನಕ್ಕ.

ಜಿಮ್ಮು ಕೆಮ್ಮಿದ. "ನಾನು," ಅಂದ.

ಗುರ್ರ್… ಅಂತ ಇನ್ನೊಂದು ಸದ್ದು. "ನಾನು. ಹೊಟ್ಟೆ," ಅಂದ ಕಿವಿಯಣ್ಣ.

"ಸದ್ಯ, ಹೊಟ್ಟೇನಾ," ಅಂತ ವ್ಯಾನಕ್ಕ ಪಿಸುಗುಟ್ಟಿದಳು. "ಮೂಗು ಮುಚ್ಕೊಳ್ಳೋದೋ ಬೇಡ್ವೋ ಅಂತ ನೋಡ್ತಿದ್ದೆ."

ಹುಚ್ಚರ ಸಹವಾಸ ಅಂದುಕೊಳ್ಳಬೇಡಿ. ಅದು ಅವರು ಕಲಿತ ಪಾಠ. ದೆವ್ವ ಪತ್ತೆ ಮಾಡೋದನ್ನು ಕಲಿಸಿ, ಕಲಿತವರನ್ನು ಒಬ್ಬರಿಗೊಬ್ಬರು ಎದುರು ನಿಲ್ಲಿಸುವ ಸ್ಪರ್ಧೆ ಅಂತ ಟಿವಿಯವರು ಒಂದು ಶುರು ಮಾಡಿದ್ದರು. ಹನ್ನೆರಡು ಜನ ಸೇರಿದ್ದರು. ವಾರಕ್ಕೊಬ್ಬರು ಮನೆಗೆ. ಒಂಬತ್ತು ವಾರ ಕಳೆದು ಉಳಿದವರು ಈ ಮೂವರು. ಗೆದ್ದವರಿಗೆ ಪತ್ತೇದಾರರ ತಂಡದಲ್ಲಿ ಖಾಯಂ ಕೆಲಸ.

ಕಿವಿಯಣ್ಣ ನಮ್ಮ ದೊಡ್ಡಪ್ಪನ ಮಗ. ಲಿಫ್ಟ್ ರಿಪೇರಿ ಮಾಡುತ್ತಿದ್ದ. ಕೆಳಗೆ ನಿಂತು ಕಿವಿಗೊಟ್ಟರೆ ಸಾಕು, ಆರನೇ ಮಹಡಿಯಲ್ಲಿ ಯಾವ ಚಕ್ರಕ್ಕೆ ಎಣ್ಣೆ ಇಲ್ಲ ಅಂತ ಹೇಳುತ್ತಿದ್ದ. ಹಾಗೇ ಆ ಹೆಸರು ಬಂತು. ಇಪ್ಪತ್ತು ವರ್ಷ ಲಿಫ್ಟಿನ ಗುಂಡಿಯಲ್ಲೇ ಬೆವರು ಸುರಿಸಿದವನು, ಈ ಷೋಗೆ ಆಯ್ಕೆಯಾದ ದಿನವೇ ಕೆಲಸ ಬಿಟ್ಟು ಬಂದ. "ಸದ್ದು ಕೇಳೋಕೂ ಸಂಬಳ ಕೊಡ್ತಾರಾ? ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ," ಅಂದಿದ್ದಳು ಅತ್ತಿಗೆ. ಗೆದ್ದು ಬಂದು ತೋರಿಸುತ್ತೇನೆ ಅಂದಿದ್ದ.

ವ್ಯಾನಕ್ಕ ಇಪ್ಪತ್ತೆರಡು ವರ್ಷ ಶಾಲೆ ವ್ಯಾನು ಓಡಿಸಿದವಳು. ಕಣ್ಣು ಮಂಜಾಯಿತು ಅಂತ ವ್ಯಾನು ಕಸಿದುಕೊಂಡರು. "ಅಷ್ಟು ವರ್ಷ ಕನ್ನಡೀಲಿ ಬೇರೆಯವರ ಮಕ್ಕಳನ್ನ ನೋಡ್ತಾ ಕೂತೆ. ಈಗ ನಾಲ್ಕು ದಿನ ನನ್ನ ನೋಡ್ಲಿ ಜನ," ಅನ್ನುತ್ತಿದ್ದಳು. ಕಿವಿಯಣ್ಣನಿಗೆ ಅವಳನ್ನು ಕಂಡರೆ ಒಡಹುಟ್ಟಿದ ಅಕ್ಕನನ್ನು ಕಂಡ ಹಾಗೆ.

ನಿಯಮ ಇಷ್ಟೇ. ಕತ್ತಲಲ್ಲಿ ರೆಕಾರ್ಡಿಂಗ್ ನಡೆಯುವಾಗ ನಿಮ್ಮಿಂದ ಏನೇ ಸದ್ದಾಗಲಿ, ಕೆಮ್ಮೋ ತೇಗೋ ಚಪ್ಪಲಿಯ ಕಿರುಗುಟ್ಟೋ, ಐದು ಎಣಿಸುವುದರೊಳಗೆ "ನಾನು" ಅನ್ನಬೇಕು. ಅನ್ನದಿದ್ದರೆ ಆಮೇಲೆ ಟೇಪು ಕೇಳುವಾಗ ನಮ್ಮ ತೇಗೇ ದೆವ್ವದ ನರಳಾಟ ಆಗಿಬಿಡುತ್ತದೆ. ಹೇಳಲು ಮರೆತರೆ ಒಂದು ತಪ್ಪು. ಮೂರಾದರೆ ಗಂಟುಮೂಟೆ ಕಟ್ಟಬೇಕು. ವ್ಯಾನಕ್ಕನಿಗೆ ಆಗಲೇ ಎರಡಾಗಿತ್ತು. ಕ್ಲಚ್ ತುಳಿದು ತುಳಿದು ಅವಳ ಎಡಮಂಡಿ ಸವೆದಿತ್ತು. ಕಾಲು ಮಡಚಿದರೆ ಲಟಕ್ ಅನ್ನುತ್ತಿತ್ತು, ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ನಿಯಮ ಇತ್ತು. ಪಾಠ ಹೇಳುವ ಯಜಮಾನರು, ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು, ಮೊದಲ ದಿನವೇ ಅಂದಿದ್ದರಂತೆ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋರು ಬೇಕು ನನಗೆ. ಆದ್ರೆ ಕದ್ದವನೇ ಮುಟ್ಕೋಬೇಕು. ಬೇರೆಯವರ ಸದ್ದನ್ನ ತನ್ನದು ಅಂದವನು ಆ ಕ್ಷಣವೇ ಹೊರಗೆ."

ಎಲ್ಲರೂ ನಕ್ಕಿದ್ದರು. ಯಾರು ತಾನೇ ಇನ್ನೊಬ್ಬರ ತೇಗನ್ನು ತನ್ನದು ಅಂತಾರೆ?

ಆ ಕಟ್ಟಡ ಮುಚ್ಚಿಹೋದ ಬಟ್ಟೆ ಕಾರ್ಖಾನೆ. ಜಿಮ್ಮುವನ್ನು ಮೂರನೇ ಮಹಡಿಗೆ ಹಾಕಿದರು. ಅವನು ಜಿಮ್ಮಿನಲ್ಲಿ ಕಸರತ್ತು ಕಲಿಸುವವನು, ಉಸಿರು ಬಿಟ್ಟರೂ ಕೇಳದ ಆಸಾಮಿ. ವ್ಯಾನಕ್ಕ, ಕಿವಿಯಣ್ಣ ನಾಲ್ಕನೇ ಮಹಡಿಗೆ, ಬಟ್ಟೆ ಕತ್ತರಿಸುವ ಕೋಣೆಗೆ. ಉದ್ದಕ್ಕೆ ಒಂದೇ ಮೇಜು. ಗೋಡೆಗೆಲ್ಲ ಕೊಕ್ಕೆ. ಕೊಕ್ಕೆಗಳಲ್ಲಿ ಅಂಗಿಯ ತೋಳು, ಕಾಲರು, ಬೆನ್ನಿನ ಅಳತೆಗೆ ಕತ್ತರಿಸಿದ ರಟ್ಟುಗಳು ಇನ್ನೂ ನೇತಾಡುತ್ತಿದ್ದವು. ಕಿಟಕಿಗಳಿಗೆ ಕಂದು ಕಾಗದ ಅಂಟಿಸಿದ್ದರು. ಮೂಲೆಯಲ್ಲಿ ಕ್ಯಾಮೆರಾ, ಕಾಲರಿಗೆ ಮೈಕು, ಕಿವಿಯಲ್ಲಿ ಮೇಷ್ಟ್ರ ದನಿ.

"ದೀಪ ಆರಿಸ್ತಿದ್ದೀವಿ," ಅಂದಿತು ಆ ದನಿ.

ಕತ್ತಲು ಅಂದರೆ… ಕೈಯನ್ನು ಮೂಗಿನ ಮುಂದೆ ಹಿಡಿದರೂ ಕಾಣದ ಕತ್ತಲು.

ಕಿವಿಯಣ್ಣ ಮೇಜಿನ ಈ ತುದಿಯಲ್ಲಿ ನಿಂತಿದ್ದ. ವ್ಯಾನಕ್ಕ ಆ ತುದಿಯಲ್ಲಿ ಕುರ್ಚಿಯಲ್ಲಿ ಕೂತಿದ್ದಳು. ಹತ್ತು ನಿಮಿಷ. ಇಪ್ಪತ್ತು. ದೂರದಲ್ಲಿ ಲಾರಿ ಹೋಯಿತು. ನೀರಿನ ಕೊಳವೆಯಲ್ಲಿ ಟಿಕ್… ಅಂತ ಒಂದೇ ಹನಿ. ಅರ್ಧ ಗಂಟೆ ಆಗಿರಬೇಕು…

ಲಟಕ್.

ಕಿವಿಯಣ್ಣ ಉಸಿರು ಹಿಡಿದ.

ಲಟಕ್. ಲಟಕ್. …ಲಟಕ್.

ನಾಲ್ಕು ಸಲ. ಬೆರಳಿನ ನೆಟಿಗೆ ಮುರಿದ ಹಾಗೆ, ಒಂದಾದ ಮೇಲೊಂದು, ಆರಾಮಾಗಿ.

ಮಂಡಿ, ಅಂದುಕೊಂಡ. ಅಕ್ಕನ ಮಂಡಿ. ಈಗ ನಾನು ಅಂತಾಳೆ.

ಒಂದು… ಎರಡು…

ಅವಳು ಅನ್ನಲಿಲ್ಲ.

ಇವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವಳಿಗೆ ಮೂರನೇ ತಪ್ಪು, ಇವನಿಗೆ ಫೈನಲ್. ಅಷ್ಟೇ ಅಲ್ಲ, ಆ ಸದ್ದು ಮಂಡಿಯಷ್ಟು ಕೆಳಗಿನಿಂದ ಬಂದಿರಲಿಲ್ಲ. ತನ್ನ ಹೆಗಲ ಮಟ್ಟದಿಂದ ಬಂದಿತ್ತು. ಮೇಜಿನ ಆ ತುದಿಯಿಂದಲ್ಲ, ಇದೇ ತುದಿಯಿಂದ. ಕಿವಿ ಇದನ್ನೆಲ್ಲ ಹೇಳಿತು… ಮನಸ್ಸು ಕೇಳಲಿಲ್ಲ. ನಾಳೆ ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಗೇಟಿನತ್ತ ಹೋಗುವುದೊಂದೇ ಕಣ್ಣಿಗೆ ಕಂಡದ್ದು.

ಮೂರು… ನಾಲ್ಕು…

"ನಾನು," ಅಂದ ಕಿವಿಯಣ್ಣ.

"ಸರಿ. ನಿಂದು ಅಂತ ಬರ್ಕೊಂಡೆ," ಅಂದರು ಮೇಷ್ಟ್ರು ಕಿವಿಯಲ್ಲಿ.

ಲಟಕ್.

ಐದನೆಯದು. ಅದು ಅವನ ಬಲಗೈ ಹೆಬ್ಬೆರಳು. ಅವನು ಕೈ ಅಲ್ಲಾಡಿಸಿರಲಿಲ್ಲ. ಯಾರೋ ಹಿಡಿದು… ಮೆಲ್ಲಗೆ ಮಡಚಿದ ಹಾಗಿತ್ತು.

"ತಮ್ಮಾ," ಅಂದಳು ವ್ಯಾನಕ್ಕ ಕತ್ತಲಲ್ಲಿ. "ನೆಟಿಗೆ ಮುರಿಯೋ ಹೊತ್ತೇನೋ ಇದು?"

"ನಿಮ್ಮ ಮಂಡಿ ಅಲ್ವಾ ಅಕ್ಕ?"

"ನನ್ನ ಮಂಡೀನಾ? ಕೂತಾಗಿನಿಂದ ಕಾಲು ಮಡಚಿಲ್ಲ ಕಣೋ." ಅವಳೇ ಮತ್ತೆ ಕೇಳಿದಳು. "ಯಾಕೆ? ನಿಂದಲ್ವಾ?"

ಅವನು ಎಂಜಲು ನುಂಗಿದ. ಗುಳುಕ್ ಅಂತು.

"ನಾನು."

"ಎಂಜಲು ನುಂಗಿದ್ದಕ್ಕೂ ಹೇಳ್ತೀಯಲ್ಲಪ್ಪ," ಅಂದಳು ವ್ಯಾನಕ್ಕ. "ಬಲು ಶಿಸ್ತು ನಿಂದು."

ಕಿವಿಯಣ್ಣ ಬಾಯಿ ತೆರೆದೇ ಇರಲಿಲ್ಲ.

ರಾತ್ರಿ ಎರಡೂಕಾಲಿಗೆ ವಿರಾಮ. ಕೆಳಗೆ ಕಾವಲುಗಾರನ ಕೋಣೆಯಲ್ಲಿ ಟಿವಿಯವರ ಸಾಮಾನು ಇಟ್ಟಿದ್ದರು. ಸೌಂಡ್‌ನವನು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಕಿವಿಯಣ್ಣನನ್ನು ಸನ್ನೆ ಮಾಡಿ ಕರೆದ.

"ಒಂದು ಸಲ ಸಾಕಿತ್ತಲ್ಲಣ್ಣ. ಎರಡೆರಡು ಸಲ ಯಾಕೆ ಅಂದೆ?"

"ಏನನ್ನ?"

"ನೆಟಿಗೆ ಮುರಿದಾಗ." ಹೆಡ್‌ಫೋನನ್ನು ಇವನ ಕಿವಿಗೆ ಇಟ್ಟ.

ಲಟಕ್. ಲಟಕ್. ಲಟಕ್. ಲಟಕ್. ನಾನು. …ನಾನು.

ಮೊದಲನೆಯದು ತನ್ನದು. ಎರಡನೆಯದೂ ತನ್ನದೇ ದನಿ. ಆದರೆ ಮಾತು ಹೊಸದಾಗಿ ಕಲಿತವರು ಕೇಳಿದ್ದನ್ನೇ ತಿರುಗಿ ಒಪ್ಪಿಸಿದ ಹಾಗಿತ್ತು.

"ಇನ್ನೊಂದು ವಿಷಯ," ಅಂದ ಸೌಂಡ್‌ನವನು. "ಎರಡನೇದು ತುಂಬ ಹತ್ತಿರದ್ದು. ಮೈಕು ನಿನ್ನ ಕಾಲರಲ್ಲಿದೆ. ಇದು ನಿನ್ನ ಬಾಯಿಗಿಂತ ಹತ್ತಿರ."

ಕಾಲರಿಗೂ ಗಂಟಲಿಗೂ ನಡುವೆ ಯಾರಿಗೆ ಜಾಗ ಇದೆ?

ಮೇಷ್ಟ್ರು ಕೇಳಿಸಿಕೊಂಡರು. ತಾವೇ ಹೆಡ್‌ಫೋನ್ ಹಾಕಿಕೊಂಡು ಮೂರು ಸಲ ಕೇಳಿದರು. ಆಮೇಲೆ ಕ್ಯಾಮೆರಾದವನ ಕಡೆ ನೋಡಿದರು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು.

"ನಿಜ ಹೇಳು," ಅಂದರು. "ಆ ನೆಟಿಗೆ ನಿಂದಾ?"

ಹೌದು ಅಂದರೆ ಫೈನಲ್. ಅಲ್ಲ ಅಂದರೆ ಈ ಕ್ಷಣವೇ ಹೊರಗೆ, ಅದೂ ಊರೆಲ್ಲ ನೋಡುವ ಹಾಗೆ. ಬಿಟ್ಟ ಕೆಲಸ, ಅತ್ತಿಗೆಯ ಮಾತು, ಆ ಲಿಫ್ಟಿನ ಗುಂಡಿ, ಎಲ್ಲ ಒಟ್ಟಿಗೆ ನೆನಪಾಯಿತು ಅವನಿಗೆ. ಕುರ್ಚಿ ಹಿಡಿದಿದ್ದ ಕೈ ಜಾರಿ, ಕುರ್ಚಿ ಕಿರ್ ಅಂತು.

ಸೌಂಡ್‌ನವನು ಮೈಕಿನ ಡಬ್ಬಿಯಿಂದ ತಲೆ ಎತ್ತಿದ. ಹೆಡ್‌ಫೋನ್ ಈಗ ಅವನ ಕಿವಿಯಲ್ಲಿತ್ತು.

"ಈಗ್ಯಾಕಣ್ಣ ನಾನು ಅಂದೆ? ಕತ್ತಲಿನ ರೆಕಾರ್ಡಿಂಗ್ ಅಲ್ವಲ್ಲ ಈಗ."

ಕೋಣೆಯಲ್ಲಿದ್ದ ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ.

"ನಂದಲ್ಲ ಮೇಷ್ಟ್ರೇ," ಅಂದ ಕಿವಿಯಣ್ಣ. "ಅಕ್ಕಂದು ಅಂದ್ಕೊಂಡೆ. ಅಕ್ಕ ಹೋಗಬಾರ್ದು ಅಂತ ಅಂದೆ."

ವ್ಯಾನಕ್ಕ ಬಾಗಿಲಲ್ಲಿ ನಿಂತಿದ್ದಳು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನುತ್ತಾನೆ ಅಣ್ಣ ಈಗಲೂ. "ನನ್ನ ಹತ್ರ ಹೇಳಿ ಏನು ಬಂತು," ಅಂದರು. "ಎಲ್ಲಿ ನಿಂತು ಆ ಸದ್ದನ್ನ ತಗೊಂಡ್ಯೋ ಅಲ್ಲೇ ನಿಂತು ವಾಪಸ್ ಕೊಡು. ಈಗಲೇ ಹೋಗು. ಬೆಳಕು ಹರಿಯೋದ್ರೊಳಗೆ."

ಕ್ಯಾಮೆರಾದವನು ಬರಲ್ಲ ಅಂದ. ವ್ಯಾನಕ್ಕ ಟಾರ್ಚು ತೆಗೆದುಕೊಂಡಳು. "ನಡಿಯೋ," ಅಂದಳು. "ನನ್ನಿಂದ ಅಂಟಿದ್ದು."

ನಾಲ್ಕು ಮಹಡಿ. ಪ್ರತಿ ಮೆಟ್ಟಿಲಿಗೂ ಅವಳ ಮಂಡಿ ಲಟಕ್ ಅನ್ನುತ್ತಿತ್ತು. ಪ್ರತಿ ಸಲವೂ ಅವಳು ತಪ್ಪದೆ "ನಾನು… ನಾನು…" ಅನ್ನುತ್ತಾ ಹತ್ತಿದಳು. ಇನ್ಯಾರೂ ಅನ್ನುವುದು ಬೇಡ ಅಂತ.

ಅವಳು ಬಾಗಿಲಲ್ಲಿ ನಿಂತಳು. ಅವನು ಮೇಜಿನ ಅದೇ ತುದಿಗೆ ಹೋದ. ಟಾರ್ಚಿನ ಬೆಳಕು ಗೋಡೆಯ ರಟ್ಟುಗಳ ಮೇಲೆ ಬಿದ್ದಿತ್ತು. ತೋಳು, ಕಾಲರು, ಬೆನ್ನು. ಕಿಟಕಿ ಮುಚ್ಚಿತ್ತು. ಗಾಳಿ ಇರಲಿಲ್ಲ. ಆದರೂ ಒಂದು ಬೆನ್ನು ಮಾತ್ರ ಕೊಕ್ಕೆಯಲ್ಲಿ ಆಡುತ್ತಿತ್ತು. ಸರ್… ಸರ್…

"ಆಗ… ಆಗ ಆಗಿದ್ದು," ಅಂದ. ನಾಲಿಗೆ ತೊದಲಿತು. "ಆ ಸದ್ದು. ಅದು ನಾನಲ್ಲ."

ರಟ್ಟು ನಿಂತಿತು.

ಒಂದು… ಎರಡು… ಮೂರು… ನಾಲ್ಕು…

ಅವನ ಕಾಲರಿನ ಹತ್ತಿರ, ಅವನದೇ ದನಿಯಲ್ಲಿ, ತಡೆದು ತಡೆದು ಬಂತು.

"ನಾನೂ… ಅಲ್ಲ."

ಅದನ್ನು ವ್ಯಾನಕ್ಕನೂ ಕೇಳಿಸಿಕೊಂಡಳು. ಮಂಡಿ ಇದೆ ಅನ್ನುವುದನ್ನೇ ಮರೆತು ಅವನ ತೋಳು ಹಿಡಿದು ಎಳೆದುಕೊಂಡು ಇಳಿದಳು. ಟಾರ್ಚು ಅಲ್ಲೇ ಬಿತ್ತು. ಅದನ್ನು ತರಲು ಯಾರೂ ಹೋಗಲಿಲ್ಲ.

ಟಿವಿಯಲ್ಲಿ ಆ ಭಾಗ ಬರಲಿಲ್ಲ. ಕಿವಿಯಣ್ಣ ನಿಯಮ ಮುರಿದು ಹೊರಬಿದ್ದ ಅಂತ ಎರಡು ಸಾಲು ಹೇಳಿ ಮುಗಿಸಿದರು. ವ್ಯಾನಕ್ಕ ಮಾರನೇ ದಿನ ಮಂಡಿ ನೋವು ಅಂತ ತಾನೇ ಬಿಟ್ಟು ಹೋದಳು. ಅವನು ಯಾವುದಕ್ಕಾಗಿ ಸುಳ್ಳು ಹೇಳಿದ್ದನೋ ಅದೂ ದಕ್ಕಲಿಲ್ಲ. ಕೆಳಗಿನ ಮಹಡಿಯಲ್ಲಿ ರಾತ್ರಿಯಿಡೀ ಕಂಬದ ಹಾಗೆ ನಿಂತಿದ್ದ ಜಿಮ್ಮು ಗೆದ್ದ. ಈಗ ಯಾವುದೋ ಪ್ರೋಟೀನ್ ಪುಡಿ ಡಬ್ಬಿಯ ಮೇಲೆ ಅವನ ಫೋಟೋ ಬರುತ್ತದೆ.

ಅಣ್ಣ ಮತ್ತೆ ಲಿಫ್ಟ್ ಕೆಲಸಕ್ಕೇ ಹೋದ. ಅತ್ತಿಗೆ ಚುಚ್ಚಿ ಮಾತಾಡಲಿಲ್ಲ. ರಾತ್ರಿ ಬಾಗಿಲು ಬಡಿದಾಗ ಅವಳು ಯಾರು ಅಂತ ಕೇಳಿದರೆ ಅವನು "ಬಾಗಿಲು ತೆಗಿ" ಅನ್ನುತ್ತಾನೆ, ಅಷ್ಟೇ. ಆ ಒಂದು ಪದ ಮಾತ್ರ ಅನ್ನುವುದಿಲ್ಲ.

ಇದೆಲ್ಲ ಅವನು ಹೇಳಿದ್ದು, ನೀನು ಕಂಡೆಯಾ ಅಂತ ಕೇಳುತ್ತೀರಿ. ಸರಿ. ಕಂಡದ್ದನ್ನೇ ಹೇಳುತ್ತೇನೆ. ಯಾವ ಕೆಲಸದಲ್ಲೂ ನಿಲ್ಲದ ಕಾಲು ನನ್ನದು. ಹೋದ ತಿಂಗಳು ಅವನ ಜೊತೆ ಒಂದು ಕಟ್ಟಡಕ್ಕೆ ಹೋಗಿದ್ದೆ, ಸಾಮಾನು ಹೊರಲು. ನಾಲ್ಕು ಜನದ ಲಿಫ್ಟು. ಆಗಷ್ಟೇ ಅವನೇ ರಿಪೇರಿ ಮುಗಿಸಿ, ತೂಕದ ಕಲ್ಲಿಟ್ಟು ಪರೀಕ್ಷೆ ಮಾಡಿದ್ದ. ಅಲ್ಲಿನ ಗಂಡ ಹೆಂಡತಿ, ನಾನು, ಅಣ್ಣ ಹತ್ತಿದೆವು. ನಾಲ್ಕೇ ಜನ. ಭಾರ ಹೆಚ್ಚಾಯಿತು ಅಂತ ಗಂಟೆ ಹೊಡೆದುಕೊಂಡಿತು, ಬಾಗಿಲು ಮುಚ್ಚಲಿಲ್ಲ. ಅಣ್ಣ ಇಳಿದ. ಅವನ ಜಾಗಕ್ಕೆ ವಾಚ್‌ಮನ್ ಹತ್ತಿದ. ಅವನು ಅಣ್ಣನ ಒಂದೂವರೆಯಷ್ಟಿದ್ದಾನೆ. ಗಂಟೆ ನಿಂತಿತು.

ಅಣ್ಣ ಏನೂ ನೋಡಲಿಲ್ಲ, ಏನೂ ಬಿಚ್ಚಲಿಲ್ಲ. ಟೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡ.

"ನೀವು ಹೋಗಿ," ಅಂದ. "ನಾವು ಮೆಟ್ಟಿಲಲ್ಲಿ ಬರ್ತೀವಿ."

ನಾವು ಅಂದ. ನಾನಿನ್ನೂ ಲಿಫ್ಟಿನೊಳಗೇ ಇದ್ದೆ, ಹೊರಗಿದ್ದದ್ದು ಅವನೊಬ್ಬನೇ. ನನ್ನ ಕಿವಿಯಾರೆ ಕೇಳಿದ್ದೇನೆ. ನಂಬದಿದ್ದರೆ ಆ ವಾಚ್‌ಮನ್ನನ್ನೇ ಕೇಳಿ, ಅವನಿನ್ನೂ ಅಲ್ಲೇ ಕೆಲಸಕ್ಕಿದ್ದಾನೆ.